ಪಾವರ್‌ಲೂಮ್ ಓಣಿಯ ಕಥಾ ಸಾಲಿ

ಕಥೆಗಾರನ ತಲೆಯಲ್ಲಿ ಸದಾ ಕಥೆಗಳು ಓಡಾಡುತ್ತಿರುತ್ತವೆ ಅಂತ ಜನ ತಿಳಿದಿದ್ದಾರೆ. ನನ್ನ ಪಾಡು ಬೇರೆ. ಬರೆಯಲು ಕೂತರೆ ಒಂದೂ ಬರುವುದಿಲ್ಲ. ಕಲಿಸಲು ನಿಂತರೆ ಸಾಕು, ಕಣ್ಣೆದುರಿಗೇ ನಡೆದುಬಿಡುತ್ತವೆ.

ಹೋದ ವರ್ಷ ನನ್ನ ಹೊಸ ಕಥಾಸಂಕಲನ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ಬನಹಟ್ಟಿಯ ನಮ್ಮ ಓಣಿಯ ಗುಡಿಗೆ ಒಯ್ದು ದೇವರ ಪಾದದಲ್ಲಿಟ್ಟೆ. ಪೂಜಾರಿ ಅದರ ಮೇಲೆ ಹೂವು ಹಾಕಿ, ಕೈಯಲ್ಲಿ ತೂಗಿ ನೋಡಿ, "ದಪ್ಪ ಆಗೇತ್ರಿ, ಛಲೋ ಆತು" ಅಂದ. ಅದೇ ಆ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ. ಆ ಹುಮ್ಮಸ್ಸಿನಲ್ಲೇ ಗುಡಿಯ ಹಿರಿಯರ ಮುಂದೆ ಹೋಗಿ ಕೈಮುಗಿದೆ.

"ಐತವಾರಕ್ಕೊಮ್ಮೆ ಮಂಟಪ ಕೊಡ್ರಿ. ನಮ್ಮ ಮಂದಿಗೆ ಕಥಿ ಬರಿಯೂದು ಕಲಸ್ತೇನಿ."

ಹಿರಿಯರು ಹುಬ್ಬೇರಿಸಿದರು. "ಇಲ್ಲಿ ಪುರಾಣ ನಡೀತೈತಿ, ಭಜನಿ ನಡೀತೈತಿ. ಕಥಿ ಅಂದ್ರ ಸುಳ್ಳಲ್ಲೇನಪಾ? ದೇವರ ಮುಂದ ಸುಳ್ಳ ಕಲಸ್ತೀಯೇನು?"

"ಸುಳ್ಳಿನೊಳಗ ಖರೇ ಇಡೂದು ಕಲಸ್ತೇನ್ರಿ."

ಅವರು ಮಂಟಪದ ಕೀಲಿ ಕೊಟ್ಟರು, ಒಂದು ಕರಾರಿನ ಮೇಲೆ. "ವರ್ಷದ ಕಡೀ ಐತವಾರ ನಮ್ಮ ಮುಂದ ಓದಸು. ಕೇಳಿ, ಬೇಕನಿಸಿದ್ರ ಮುಂದಿನ ವರ್ಷಾನೂ ಮಂಟಪ ನಿಂದು. ಇಲ್ಲಂದ್ರ ಕೀಲಿ ವಾಪಸ್ ಇಟ್ಟು ಭಜನಿಗೆ ಕುಂಡ್ರು."

ದಡಿಯ ಪಾಠ

ಮೊದಲ ದಿನ ನೇಕಾರರಿಗೆ ತಿಳಿಯುವ ಹಾಗೆ ಹೇಳಬೇಕೆಂದು, "ಕಥಿ ಅಂದ್ರ ಸೀರಿ ಇದ್ದಂಗ. ಒಡಲು ಸಾದಾ ಇದ್ರೂ ನಡೀತೈತಿ, ಸೆರಗು ಮಾತ್ರ ಕಣ್ಣು ತುಂಬಬೇಕು" ಅಂದೆ. ನನ್ನ ಉಪಮೆಗೆ ನಾನೇ ಖುಷಿಪಟ್ಟೆ.

ಮುಂದಿನ ವಾರ ಮಗ್ಗ ನಡೆಸುವ ತರುಣನೊಬ್ಬ ಕಥೆ ತಂದ. ನಾಯಕ ಜಮಖಂಡಿ ಸ್ಟ್ಯಾಂಡಿನಲ್ಲಿ ಬಸ್ ಹತ್ತಿ ಕಿಟಕಿ ಪಕ್ಕ ಕೂರುತ್ತಾನೆ. ನಡುವೆ ಜ್ವರ ಬಂದು ಸಾಯುತ್ತಾನೆ. ಮಣ್ಣೂ ಆಗುತ್ತದೆ. ಕೊನೆಗೆ ಮೊದಲಿನ ಸಾಲುಗಳೇ ಒಂದಕ್ಷರ ಬಿಡದೆ ಮತ್ತೆ ಬರುತ್ತವೆ: ಜಮಖಂಡಿ ಸ್ಟ್ಯಾಂಡು, ಬಸ್ಸು, ಕಿಟಕಿ.

"ತಮ್ಮಾ, ಸತ್ತಾಂವ ಮತ್ತ ಬಸ್ ಹೆಂಗ ಹತ್ತಿದ?"

"ಅದೆಲ್ಲಾ ನನಗ ಗೊತ್ತಿಲ್ರಿ ಸರ. ಸೀರಿ ಅಂದ್ರಿ. ಅಂಚಿನ ದಡಿ ಎರಡೂ ಕಡಿ ಒಂದಽ ಇರಬೇಕು. ಇಲ್ಲಂದ್ರ ಸಾವುಕಾರ ಸೀರಿ ವಾಪಸ್ ಒಗಿತಾನ."

ಪುನರ್ಜನ್ಮದಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ಆದರೆ ಅದರೊಳಗೆ ಹಳೇ ಕಿಟಕಿ ಸೀಟೂ ಸಿಗುತ್ತದೆಂಬುದು ಅಂದೇ ತಿಳಿದದ್ದು.

ಕಳ್ಳನಿಗೊಂದು ಹೆಸರು

ಗಲಗಲಿಯಿಂದ ಒಬ್ಬ ಕುರಿಗಾರ ಬರುತ್ತಿದ್ದ. ಬೀರೇಶ್ವರನ ಭಕ್ತ. ಹಣೆಯ ಮೇಲೆ ಭಂಡಾರದ ಅರಿಶಿನ ಇಲ್ಲದೆ ಪೆನ್ನು ಮುಟ್ಟುವವನಲ್ಲ. ಕುರಿ ಕದಿಯುವವನ ಮೇಲೆ ಬಲು ಚೆಂದದ ಕಥೆ ಬರೆದಿದ್ದ. ಕಳ್ಳನಿಗೆ ಮಾತ್ರ ಹೆಸರಿರಲಿಲ್ಲ.

"ಒಂದು ಹೆಸರಿಡಪಾ. ಓದೋರಿಗೆ ಅಂವ ಕಣ್ಣಿಗೆ ಕಟ್ಟಬೇಕಲ್ಲ."

"ಯಾವ್ದು ಇಡ್ಲಿರಿ? ಬೀರಪ್ಪ, ಮಲ್ಲಪ್ಪ, ಹಣಮಂತ, ಎಲ್ಲಾ ದೇವರ ಹೆಸರಽ. ದೇವರ ಹೆಸರಿಟ್ಟು ಕುರಿ ಹೆಂಗ ಕದಸೂದ್ರಿ?"

ಇದೇ ಅಂಜಿಕೆಯಿಂದ ನನ್ನ ಪುಸ್ತಕಗಳಲ್ಲೂ ಒಬ್ಬ ಕಳ್ಳನಿಗೂ ಹೆಸರಿಲ್ಲ. ವಿಮರ್ಶಕರೊಬ್ಬರು ಆ ಹೆಸರಿಲ್ಲದ ಕಳ್ಳರು ಇಡೀ ಸಮಾಜದ ಸಂಕೇತ ಅಂತ ಬರೆದಿದ್ದರು. ಅದನ್ನು ಓದಿದ ದಿನ ದೇವರಿಗೆ ಒಂದು ಕಾಯಿ ಹೆಚ್ಚಿಗೆ ಒಡೆಸಿದ್ದೆ.

ಕುರಿಗಾರ ಪೆನ್ನು ಎತ್ತಿ, "ನಿಮ್ಮ ಹೆಸರು ಇಡ್ತೇನ್ರಿ ಸರ" ಅಂದ.

"ನಂದೂ ದೇವರ ಹೆಸರಽ ಅಲ್ಲೇನೋ?"

"ಖರೇರಿ. ಆದ್ರ ನಿಮ್ಮನ್ನ ಮನಸಿನ್ಯಾಗ ಇಟ್ಕೊಂಡು ಬರದ್ರ ದೇವರು ಸಿಟ್ಟಾಗೂದಿಲ್ರಿ."

ಶಿಷ್ಯನ ಕಥೆಯಲ್ಲಿ ಗುರುವಿನ ಹೆಸರು ಬಂದರೆ ಅದೂ ಒಂದು ಮಾನವೇ ಎಂದು ಒಪ್ಪಿದೆ. ಅವನು ಆ ಕಥೆಯನ್ನು ಊರ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದನಂತೆ. ಆಮೇಲೊಮ್ಮೆ ನಾನು ಗಲಗಲಿಗೆ ಹೋದಾಗ ಅವರ ಮನೆಯ ಮುದುಕಿಗೆ ನನ್ನ ಹೆಸರು ಹೇಳಿ ಪರಿಚಯ ಮಾಡಿಕೊಂಡೆ. "ಬರ್ರಿ, ಕುಂಡರ್ರಿ" ಅಂದವಳು, ನೀರು ಕೊಡುವುದಕ್ಕಿಂತ ಮೊದಲು ಅಂಗಳದ ಕುರಿಮರಿಯನ್ನು ಒಳಗೆ ಕಟ್ಟಿ ಬಂದಳು.

ಕಡೀ ಐತವಾರ

ಹೀಗೇ ವರ್ಷ ತುದಿಗೆ ಬಂತು. ಮುಧೋಳ, ಬೀಳಗಿಯವರೂ ತಮ್ಮಲ್ಲಿಗೆ ಬಂದು ಕಲಿಸಿರೆಂದು ಕೇಳತೊಡಗಿದ್ದರು. ಎಲ್ಲರಿಗೂ ಒಂದೇ ಉತ್ತರ: "ಮೊದಲು ನಮ್ಮ ಮಂಟಪ ಉಳೀಲಿ."

ಮಂಟಪದ ಗೋಡೆಯಾಚೆ ಪಾವರ್‌ಲೂಮ್. ಅದರ ಸದ್ದಿನಲ್ಲೇ ಹುಟ್ಟಿ ಬೆಳೆದ ನಮ್ಮ ಓಣಿಯವರು ಗುಟ್ಟು ಹೇಳಿದರೂ ಆಚೆ ಓಣಿಗೆ ಕೇಳುತ್ತದೆ. ಆದರೂ ನಾನು, "ಗಂಟಲು ತಗದು ಓದ್ರಿ, ಹಿರಿಯರಿಗೆ ಕೇಳಬೇಕು" ಅಂತ ಎಲ್ಲರಿಗೂ ಹೇಳಿಟ್ಟಿದ್ದೆ.

ಕೊನೆಗೆ ಓದಲು ಎದ್ದವಳು ನೇಕಾರರ ಮನೆಯ ಒಬ್ಬ ಸೊಸೆ. ವಾರವಾರವೂ ಅತ್ತೆಗೆ "ಗುಡಿಗೆ ಹೋಗಿ ಬರ್ತೇನ್ರಿ" ಅಂತಷ್ಟೇ ಹೇಳಿ ಬರುತ್ತಿದ್ದವಳು. ಸೊಸೆಯ ಭಕ್ತಿ ಕಂಡು ಸಂತೋಷಗೊಂಡ ಅತ್ತೆ ಅವತ್ತು ತಾನೂ ಬಂದು, ಹೊರಗಿನ ಕಟ್ಟೆಯ ಮೇಲೆ ಹೆಂಗಸರ ನಡುವೆ ಬತ್ತಿ ಹೊಸೆಯುತ್ತ ಕೂತಿದ್ದಳು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಸೊಸೆ ಮಗ್ಗದ ಸದ್ದನ್ನೂ ಮೀರಿಸಿ ಓದುತ್ತಿದ್ದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವಳ ದನಿ ಮಾತ್ರ ನಿಲ್ಲಲಿಲ್ಲ.

"ಸೋಮಾರ ಉಪವಾಸ ಅಂತ ಹೇಳಿ ನಮ್ಮತ್ತಿ ಶೇಂಗಾ ಹೋಳಗಿ ತಾನಽ ತಿಂದು ಬೆಕ್ಕಿನ ಮ್ಯಾಲೆ ಹಾಕ್ತಾಳ! ನಮ್ಮ ಮನ್ಯಾಗ ಬೆಕ್ಕಽ ಇಲ್ಲ!"

ಇಡೀ ಓಣಿ ಕೇಳಿತು. ಕಟ್ಟೆಯ ಮೇಲಿಂದ ಅತ್ತೆ ಎದ್ದು, ಕೈಯಲ್ಲಿ ಬತ್ತಿ ಹಿಡಿದು ಒಳಗೆ ಬಂದಳು. ನಾನು ಮನಸ್ಸಿನಲ್ಲೇ "ಓಂ ನಮಃ ಶಿವಾಯ" ಅನ್ನುತ್ತ ಕಿಸೆಯ ಕೀಲಿ ಮುಟ್ಟಿ ನೋಡಿಕೊಂಡೆ.

"ಇದು ನೀ ಬರದದ್ದೇನ?"

"ಹೂನ್ರಿ ಅತ್ತಿ. ಕಥೀರಿ. ಎಲ್ಲಾ ಸುಳ್ಳರಿ."

ಹಿರಿಯರು ತಲೆಯ ಪಟಗ ಸರಿಮಾಡಿಕೊಂಡರು. "ಯಕ್ಕಾ, ದೇವರ ಮುಂದ ನಿಂತೀದಿ. ಸುಳ್ಳೋ ಖರೇನೋ?"

ಅತ್ತೆ ಗರ್ಭಗುಡಿಯ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. "ಬೆಕ್ಕ ಸುಳ್ಳ. ಹೋಳಗಿ ಖರೇ."

ಹಿರಿಯರು ನನ್ನತ್ತ ತಿರುಗಿದರು. ಮೀಸೆಯೊಳಗೆ ನಗು ತಡೆದಿದ್ದರು. "ಸುಳ್ಳಿನೊಳಗ ಖರೇ ಅಂದಿದ್ದಿಯಲ್ಲ, ಇದಽ ಏನು?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆಯೇ, "ತಡೀರಿ. ಪಿತ್ತಾಗಿ ಕಣ್ಣು ಕತ್ತಲಿ ಬರ್ತಿತ್ತು, ಅದಕ್ಕ ತಿಂದೆ. ಅದನ್ನ ಈಕಿ ಬರದಽ ಇಲ್ಲ. ಮುಂದಿನ ಐತವಾರದಿಂದ ನಾನೂ ಬರ್ತೇನಿ. ಈಕಿ ಕಥಿ ನಾ ಬರೀತೇನಿ!" ಅಂದಳು.

"ಹಂಗಾದ್ರ ಕೀಲಿ ನಿನ್ನ ಹತ್ರಽ ಇರ್ಲಿ" ಅಂದರು ಹಿರಿಯರು ನನಗೆ. "ಇಬ್ಬರದೂ ಕೇಳದ ನಾವು ಬಿಡಾಂಗಿಲ್ಲ."

ಹಿಂದಿನಿಂದ ನಮ್ಮ ಮಗ್ಗದ ತರುಣ ಕೂಗಿದ: "ನಾ ಹೇಳಿದ್ನಲ್ರಿ ಸರ, ದಡಿ ಎರಡೂ ಕಡಿ ಬೇಕು ಅಂತ!"

ಮಂಟಪ ಉಳಿಯಿತು. ಮುಂದಿನ ವರ್ಷ ಇಲ್ಲಿ ಎಂದಿನಂತೆ ಐತವಾರ, ಮುಧೋಳ ಬೀಳಗಿಗಳಿಗೆ ಅಮಾವಾಸ್ಯೆಗೊಮ್ಮೆ, ಮಗ್ಗಗಳಿಗೆ ಬಿಡುವಿರುವ ದಿನ, ಎಂದು ಗೊತ್ತುಮಾಡಿದೆ. ನನ್ನ ಪುಸ್ತಕ ಬಂದಾಗಲೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ದೇವರು ನನ್ನಿಂದ ಬರೆಸಿದ್ದು ಸ್ವಲ್ಪವೇ, ಇವರಿಂದ ಬರೆಸುವುದು ಬಹಳ ಇದೆ.

ಹೊಸ ವರ್ಷದ ಮೊದಲ ಐತವಾರ ಎಲ್ಲರಿಗಿಂತ ಮುಂಚೆ ಬಂದವಳು ಆ ಅತ್ತೆ. ಹಿಂದೆಯೇ ಸೊಸೆ, ಕೈಯಲ್ಲಿ ಪಾಟಿ-ಪುಸ್ತಕದ ಚೀಲ. ಅತ್ತೆ ನನ್ನ ಮುಂದೆ ಒಂದು ಡಬ್ಬಿ ಇಟ್ಟಳು. ಮುಚ್ಚಳ ತೆಗೆದರೆ ತಳದಲ್ಲಿ ಒಂದೇ ಒಂದು ಶೇಂಗಾ ಹೋಳಿಗೆ.

"ತಗೋರಿ ಮಾಸ್ತರ" ಅಂದಳು. "ಡಬ್ಬಿ ತುಂಬ ತಂದಿದ್ದೆ. ದಾರ್ಯಾಗ ಬೆಕ್ಕು ಇಷ್ಟ ಉಳಸೇತಿ."