ರಾಸ್ಕೋ ವೇಲ್ ಬರೆದ ಗೋಡೆ

ಪೆಟ್ರೋಲ್ ಬಂಕಿನ ಹೆಕ್ಟರ್ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಡನ್ ಪಿಕೆಟ್‌ನ ಆ ದಿನ ಉಳಿದ ದಿನಗಳಂತೆಯೇ ಸಪ್ಪಗೆ ಕಳೆದುಹೋಗುತ್ತಿತ್ತು. ಆದರೆ ಹೆಕ್ಟರ್ ಫೋನ್ ಮಾಡಿದ.

"ಎಲ್ಡನ್, ಹುಷಾರು! ಕೋಟು ಹಾಕ್ಕೊಂಡಿರೋ ಹೆಂಗಸು, ಕೈಯಲ್ಲಿ ಫೈಲು. ಎಸ್ಟೇಟಿಗೆ ದಾರಿ ಕೇಳಿದ್ಲು. ಕೊಂಡ್ಕೊಳ್ಳೋಕೇ ಬಂದಿರೋದು!"

ಕ್ಯಾಲಿಫೋರ್ನಿಯದ ಆ ಒಣ ಗುಡ್ಡಗಳ ನಡುವೆ ಎರಡು ಸಾವಿರ ಎಕರೆ ಕೊಂಡು, ಗಾಯಕ ರಾಸ್ಕೋ ವೇಲ್ 'ಮೂನ್‌ಬ್ರಿಡ್ಜ್' ಎಂಬ ಈ ಎಸ್ಟೇಟು ಕಟ್ಟಿಸಿದ್ದ. ಜಿರಾಫೆಗಳಿಗೆ ಬಿಸಿಗಾಳಿಯ ಮನೆ, ಸುತ್ತು ಹಾಕಲು ಪುಟ್ಟ ರೈಲು, ಮೂರು ನಿಲ್ದಾಣ. ಹಿಮದ ಊರಿನ ಅಮ್ಮನಿಗೆಂದು ಸುಡುಬಿಸಿಲಲ್ಲೊಂದು ಹೆಪ್ಪುಗಟ್ಟಿದ ಕೆರೆ. ಅಮ್ಮ ಒಂದೇ ದಿನ ಬಂದು, "ಚಳಿ ಕಣೋ" ಅಂದು ಹೊರಟುಹೋದಳು. ನೆಂಟರು, ಗೆಳೆಯರು, ಇಬ್ಬರು ಹೆಂಡಂದಿರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ರೈಲಿನಲ್ಲಿ ಉಳಿದವರು ಇಬ್ಬರೇ: ಓಡಿಸುವ ಎಲ್ಡನ್, ಹಿಂದೆ ಕೂರುವ ರಾಸ್ಕೋ. ಅವನು ಸತ್ತು ಹನ್ನೊಂದು ವರ್ಷ. ಜಾಗ ಯಾವುದೋ ಕಂಪನಿಯ ಪಾಲಾಗಿ, ಎಲ್ಡನ್ ಕಾವಲುಗಾರನಾಗಿ ಮೂರನೇ ನಿಲ್ದಾಣದ ಕೋಣೆಯಲ್ಲೇ ಇದ್ದ. ಮಾರಾಟವಾದ ದಿನ ಅವನು ಬೀದಿಗೆ.

ಸುದ್ದಿ ಹೆಕ್ಟರ್‌ನಿಂದ ಪಕ್ಕದ ದ್ರಾಕ್ಷಿತೋಟದ ವಿಲ್ಮಾಳನ್ನೂ ಮುಟ್ಟಿತ್ತು. ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದಳು.

"ಜಾಗವನ್ನ ಬೈದುಬಿಡು! ರಾಸ್ಕೋ ಇಲ್ಲಿ ಇರ್ತಾನೇ ಇರ್ಲಿಲ್ಲ ಅನ್ನು. ಅವನ ಹೆಸರಿಗೇ ತಾನೇ ಬೆಲೆ?" ಎಂದವಳ ಕಣ್ಣು ಗೋಡೆಯ ಮೇಲೆ ಬಿತ್ತು. "ಅಯ್ಯೋ, ಇದನ್ನ ನೋಡಿದ್ರೆ ಬಿಡ್ತಾಳಾ? ಮೊದಲು ಅಳಿಸು!"

ಅದು ರಾಸ್ಕೋ ಕೊನೆಯ ವಾರ ಇದ್ದಿಲಿನಲ್ಲಿ ಗೀಚಿದ ಹಾಡು. ಎಲ್ಲೂ ಹಾಡದ್ದು, ಎಲ್ಡನ್‌ಗಾಗಿ ಬರೆದದ್ದು. ಎಲ್ಡನ್ ಆ ಗೋಡೆಗೆ ಮೊಳೆ ಕೂಡ ಹೊಡೆದಿರಲಿಲ್ಲ.

"ಕೈ ಬರಲ್ಲ ವಿಲ್ಮಾ."

"ಹಾಗಾದ್ರೆ ಗೋಡೆ ಹೊತ್ಕೊಂಡು ಎಲ್ಲಿ ಮಲಗ್ತೀಯ? ಕೊಡು ಇಲ್ಲಿ ಬ್ರಷ್ಷು!"

ರೈಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವಿತ್ತು. ಬೇರೆಯವರ ಕೈ ಬೇಡವೆಂದು ಅವನೇ ಬಳಿದ. ಅರ್ಧ ಬಣ್ಣ ಗೋಡೆಗೆ, ಅರ್ಧ ಮೈಗೆ. ಕಾರು ಬಂದು ನಿಂತಾಗ ಅವನು ನೆನೆದ ಗಿಣಿಯಂತಿದ್ದ.

ಬಂದಾಕೆಯ ಹೆಸರು ಹ್ಯಾರಿಯೆಟ್ ಲೂಮಿಸ್. ಅವನು ಹೇಳಿದ್ದನ್ನೆಲ್ಲ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು.

"ರಾಸ್ಕೋ ಅವರು ಇಲ್ಲಿ ತುಂಬಾ ವರ್ಷ ಇದ್ರಂತೆ?"

"ಎಲ್ಲಿ ಮೇಡಂ! ವರ್ಷಕ್ಕೆ ಎರಡು ದಿನ ಬಂದ್ರೆ ಹೆಚ್ಚು."

"ಆ ರೈಲು?"

"ಎಲ್ಲೋ ತಂದ ಗುಜರಿ. ಅವರು ಹತ್ತಿದ್ದೇ ನಾನು ನೋಡಿಲ್ಲ."

ಒಂದೊಂದು ಸುಳ್ಳಿಗೂ ಎಲ್ಡನ್ ತಡವರಿಸುತ್ತಿದ್ದ. ಹಿಂದೆ ನಿಂತಿದ್ದ ವಿಲ್ಮಾ ಅವನ ಬೆನ್ನು ತಿವಿಯುತ್ತಿದ್ದಳು. ಹ್ಯಾರಿಯೆಟ್‌ಳ ಮುಖವಂತೂ ಬರಬರುತ್ತ ಬಾಡಿತು. ಎಲ್ಡನ್‌ಗೆ ಗೆದ್ದೆನೆಂಬ ಧೈರ್ಯ ಬಂತು.

"ಕೊಂಡ್ಕೊಂಡ್ರೆ ಕೆಡ್ತೀರಿ ಮೇಡಂ. ಬೇರೆ ಕಡೆ ನೋಡಿ."

"ಕೊಂಡ್ಕೊಳ್ಳೋದಾ? ನಾನು ಜಿಲ್ಲೆಯ ಸ್ಮಾರಕ ಸಮಿತಿಯವಳು. ಕಂಪನಿಯವರು ಇದನ್ನೆಲ್ಲ ಕೆಡವೋಕೆ ಅನುಮತಿ ಕೇಳಿದಾರೆ. ಇಲ್ಲಿ ಇತಿಹಾಸ ಇದೆ ಅಂತ ತೋರಿಸಿದ್ರೆ ಒಂದು ಇಟ್ಟಿಗೆ ಮುಟ್ಟೋ ಹಾಗಿರ್ಲಿಲ್ಲ, ನೀವೂ ಇಲ್ಲೇ ಇರಬಹುದಿತ್ತು. ನಿಲ್ದಾಣದ ಗೋಡೆ ಮೇಲೆ ಅವರ ಕೊನೇ ಹಾಡು ಇದೆ ಅಂತ ಯಾರೋ ಹೇಳಿದ್ರು. ಅದನ್ನ ನಂಬ್ಕೊಂಡು ಬಂದೆ."

ಎಲ್ಡನ್ ಒಳಗೋಡಿ ಚಿಂದಿಯಿಂದ ಗೋಡೆ ಒರೆಸಿದ. ಹಸಿರು ಬಂತು, ಅದರೊಂದಿಗೆ ಇದ್ದಿಲೂ ಬಂತು. ವಿಲ್ಮಾಳಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಸಾರು ನೆನಪಾಗಿ ಹೊರಟೇಹೋದಳು.

"ನನಗೆ ಬಾಯಿಗೆ ಬರುತ್ತೆ ಮೇಡಂ!" ಎಂದು ಅವನು ಒಡೆದ ದನಿಯಲ್ಲೇ ಹಾಡಿದ: "ಯಾವ ನಿಲ್ದಾಣದಲ್ಲೂ ನಿಲ್ಲಿಸಬೇಡ ಗೆಳೆಯ, ಇನ್ನೊಬ್ಬರು ಇಳಿದುಬಿಟ್ಟಾರು..."

ಹ್ಯಾರಿಯೆಟ್ ಪೂರ್ತಿ ಕೇಳಿದಳು. ಕಣ್ಣೊರೆಸಿಕೊಂಡಳು.

"ತುಂಬಾ ಚೆನ್ನಾಗಿದೆ. ಇದು ಅವರದ್ದೇ ಅನ್ನೋಕೆ ಸಾಕ್ಷಿ?"

"ನಾನೇ! ದಿನಾ ಸಂಜೆ ಅವರ ಜೊತೆ ಇದ್ದೋನು ನಾನೊಬ್ನೇ!"

ಅವಳು ಫೈಲಿನ ಹಾಳೆ ತಿರುಗಿಸಿ ಓದಿದಳು. "'ಅವರು ರೈಲು ಹತ್ತಿದ್ದನ್ನೇ ನೋಡಿಲ್ಲ.' ಈಗ ತಾನೇ ನೀವೇ ಹೇಳಿದ್ದು ಎಲ್ಡನ್."

ನೊಂದ ಮುಖದಿಂದಲೇ ಅವನತ್ತ ಪೆನ್ನು ಚಾಚಿದಳು.

"ನಿಮ್ಮ ಈ ಹೇಳಿಕೆ ಕೆಳಗೆ ಒಂದು ಸಹಿ ಹಾಕ್ಬಿಡಿ. ಅವರ ಕಾಲದಲ್ಲಿ ಈ ಜಾಗ ಕಂಡೋರಲ್ಲಿ ಉಳಿದಿರೋರು ನೀವೊಬ್ಬರೇ ಅಂತೆ."