ಗಂಜಿ ಹಾಕಿದ ಗುಲಾಬಿ

ಲಾಂಡ್ರಿ ಯಜಮಾನರು ಸೊಂಟಕ್ಕೆ ಕೈಯಿಟ್ಟು ಘೋಷಿಸಿದರು: "ಈ ಗುಲಾಬಿ ಇನ್ನು ಹತ್ತು ವರ್ಷ ಬಾಡಲ್ಲ! ಬಾಡಿದ್ರೆ ಅಂಗಡಿ ಬಾಗಿಲು ಹಾಕ್ತೀನಿ!"

"ಭಾನುವಾರದವರೆಗೆ ಬಾಡದಿದ್ರೆ ಸಾಕು ಕಣ್ರೀ," ಎಂದರು ಹೆಂಡತಿ.

ಹೂ ತಂದವಳು ಮಗಳು. ಹೇಳದೆ ಕೇಳದೆ ಮದುವೆಯಾದಳೆಂದು ಯಜಮಾನರು ಹಿಂದೊಮ್ಮೆ "ಈ ಹೊಸ್ತಿಲು ತುಳೀಬೇಡ" ಎಂದು ಗುಡುಗಿದ್ದರು. ಅವಳೂ ಅಪ್ಪನ ಮಗಳೇ, ತುಳಿದಿರಲಿಲ್ಲ. ಮೊನ್ನೆ ಅಮ್ಮನ ಹುಟ್ಟುಹಬ್ಬಕ್ಕೆ ಬಂದವಳು ಹೊರಗೇ ನಿಂತು ಹೂ ಕೊಟ್ಟು, "ಭಾನುವಾರ ಅವರನ್ನೂ ಕರ್ಕೊಂಡು ಬರ್ತೀನಮ್ಮ. ಅಪ್ಪ ಮಾತಾಡಿಸದೇ ಇದ್ರೆ ಅದೇ ಕೊನೆ," ಎಂದು ಹೊರಟುಹೋದಳು. ಯಜಮಾನರು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕಾಲು ಮಾತ್ರ ಮುಂದೆ ಬರಲಿಲ್ಲ. ಹಾಳು ಬಿಗುಮಾನ!

ಹೆಂಡತಿ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ದಿನಾ ಹೂದಾನಿಯ ನೀರು ಬದಲಿಸುತ್ತಿದ್ದರು. ಯಜಮಾನರಿಗೆ ಅದು ಮಕ್ಕಳಾಟವಾಗಿ ಕಂಡಿತು. ಸೊರಗಿದ ಕಾಲರನ್ನು ನೆಟ್ಟಗೆ ನಿಲ್ಲಿಸುವ ಮಹಾನುಭಾವರಿಗೆ ಸೊರಗಿದ ಪಕಳೆ ಯಾವ ಲೆಕ್ಕ? ಶನಿವಾರ ಹೆಂಡತಿ ಸಾಮಾನು ತರಲು ಹೋದದ್ದೇ ತಡ, ಗುಲಾಬಿಗಳು ಅಂಗಡಿಗೆ ಸವಾರಿ ಹೊರಟವು. ಅವನ್ನು ತೆಳು ಗಂಜಿಯಲ್ಲಿ ಅದ್ದಿ, ಕ್ಲಿಪ್ಪು ಹಾಕಿ, ಅಂಗಿಗಳ ಸಾಲಿನಲ್ಲಿ ತಲೆಕೆಳಗಾಗಿ ತೂಗುಬಿಟ್ಟರು.

ಒಣಗಿದ ಮೇಲೆ ನೋಡಿದರೆ ಪಕಳೆಗೆ ಪಕಳೆ ಅಂಟಿ ಒಂದೊಂದು ಹೂವೂ ಪುಟ್ಟ ಎಲೆಕೋಸು! ಬಿಡಿಸೋಣವೆಂದು ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದರು. ಕೆಂಪು ಹೋಗಿ ಕಂದಾಯಿತು. ಕರಗಿದ ಬಣ್ಣ ಪಕ್ಕದಲ್ಲಿದ್ದ ವಕೀಲರ ಬಿಳಿ ಅಂಗಿಯ ಎದೆಗೇ ಇಳಿಯಿತು. ಗಾಬರಿಯಲ್ಲಿ ಅಂಗಿ ಎಳೆದರೆ ಬ್ಲೀಚಿನ ಡಬ್ಬ ಉರುಳಿತು, ಅಳಿದುಳಿದ ಹೂಗಳೂ ಬಿಳಿಚಿಕೊಂಡವು.

ಹೆಂಡತಿ ಬಂದು ನೋಡಿದರು. ಬೈಯಲಿಲ್ಲ. ಯಜಮಾನರಿಗೆ ನಿಜವಾದ ಭಯ ಹುಟ್ಟಿದ್ದೇ ಆಗ.

"ಏನಾದ್ರೂ ಬೈದುಬಿಡೇ."

"ಏನಂತ ಬೈಲಿ? ಇಷ್ಟು ದಿನಕ್ಕೆ ಅವಳ ಕೈಯಿಂದ ಈ ಮನೆಗೆ ಬಂದಿದ್ದು ಇದೊಂದೇ ಕಣ್ರೀ."

ಆ ರಾತ್ರಿ ಯಜಮಾನರಿಗೆ ಊಟ ಸೇರಲಿಲ್ಲ.

ಭಾನುವಾರ ಮಗಳು ಗಂಡನೊಂದಿಗೆ ಬಂದು ಬಾಗಿಲಲ್ಲೇ ನಿಂತಳು. ಕಣ್ಣು ಖಾಲಿ ಹೂದಾನಿಯ ಮೇಲೆ ಬಿತ್ತು.

"ಅಪ್ಪ ಎಸೆದುಬಿಟ್ರಾ ಅಮ್ಮ?" ಮುಖ ಚಿಕ್ಕದಾಯಿತು. "ನಡೀರಿ, ಹೋಗೋಣ," ಎಂದು ಗಂಡನ ಕಡೆ ತಿರುಗಿದಳು.

"ನಿಲ್ಲಮ್ಮಾ!" ಯಜಮಾನರು ತಟ್ಟೆಯಲ್ಲಿ ಆ ಎಲೆಕೋಸುಗಳನ್ನು ಹಿಡಿದು ಓಡೋಡಿ ಬಂದರು. "ಎಸೀಲಿಲ್ಲ. ಗಂಜಿ ಹಾಕ್ದೆ."

"ಗುಲಾಬಿಗೆ ಗಂಜೀನಾ! ಯಾಕಪ್ಪಾ?"

"ಹತ್ತು ವರ್ಷ ಇರ್ಲಿ ಅಂತ. ನೀನು ಮತ್ತೆ ಬರ್ತೀಯೋ ಇಲ್ವೋ..." ತಟ್ಟೆಯನ್ನು ಮುಂದೆ ಚಾಚಿದರು. "ಬರ್ಬೇಡ ಅಂದವನು ನಾನೇ. ತಪ್ಪಾಯ್ತು ಕಣಮ್ಮ. ಬನ್ನಿ, ಇಬ್ಬರೂ ಒಳಗೆ ಬನ್ನಿ."

ಅಳಬೇಕೋ ನಗಬೇಕೋ ತಿಳಿಯದೆ ಮಗಳು ಎರಡನ್ನೂ ಒಟ್ಟಿಗೇ ಮಾಡಿದಳು. ಅಳಿಯ ತಟ್ಟೆಯನ್ನು ಇಸಿದುಕೊಂಡು, ಎಲ್ಲಿಡಬೇಕೆಂದು ತೋಚದೆ ಹಿಡಿದೇ ನಿಂತ.

"ವಾರ ವಾರ ಹೊಸ ಹೂ ತರ್ತೀನಪ್ಪ," ಎಂದಳು ಮಗಳು, ಒಳಗೆ ಬಂದು.

"ನನಗೆ ತಾರೇ," ಎಂದರು ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮಪ್ಪನಿಗೆ ಒಂದು ಪ್ಲಾಸ್ಟಿಕ್ ಹೂ ತಂದ್ಕೊಡು, ಒಗ್ಕೊಂಡು ಕೂತಿರ್ಲಿ. ಇಸ್ತ್ರಿಪೆಟ್ಟಿಗೆ ಮಾತ್ರ ನಾನು ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ!"