ಅತ್ತೆಯ ಮೊಣಕಾಲಿಗೆ ನಾಲ್ಕು ಸಿಲಿಂಡರ್

ಕಡಿಮೆ ಮಾತಾಡುವವನಿಗೆ ಲೋಕದಲ್ಲಿ ಸಲಹೆಗಳ ಕೊರತೆ ಬರುವುದಿಲ್ಲ. ಅವನು ಮಧ್ಯೆ ಬಾಯಿ ಹಾಕಿ ತಡೆಯುವುದಿಲ್ಲ ಎಂಬುದು ಎಲ್ಲರಿಗೂ ಬೇಗ ಗೊತ್ತಾಗಿಬಿಡುತ್ತದೆ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಇಂಥ ಸಂಗತಿಗಳು ಆಗುತ್ತಲೇ ಬಂದಿವೆ. ಆದರೆ ನಾನು ಗಾಡಿ ಕೊಳ್ಳಲು ಹೊರಟ ಆ ಆರು ತಿಂಗಳಲ್ಲಿ ಆದಷ್ಟು ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಉಡುಪಿಯಿಂದ ಬಂದ ಅತ್ತೆ, ಅಂದರೆ ಅವಳ ತಾಯಿ, ನನ್ನ ಜೊತೆಗೇ ಉಳಿದರು. ಅವರಿಗೆ ಎರಡೂ ಮೊಣಕಾಲು ನೋವು. ಚಿಕಿತ್ಸೆಗೆ ವಾರಕ್ಕೆ ಎರಡು ಸಲ ಠಾಣೆಯ ಆಸ್ಪತ್ರೆಗೆ ಹೋಗಬೇಕು. ಲೋಕಲ್ ರೈಲಿಗೆ ಹತ್ತುವುದು ಅವರಿಂದಾಗದು. ತಗ್ಗಾದ ಕಾರಿನೊಳಗೆ ಬಗ್ಗಿ ಕೂರುವುದು ಅದಕ್ಕಿಂತಲೂ ಆಗದು. "ಚಿಕಿತ್ಸೆಯೇ ಇಲ್ಲದಿದ್ದರೆ ಅಕ್ಕ ಅಲ್ಲಿದ್ದು ಏನು ಮಾಡುವುದು? ದೀಪಾವಳಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ" ಎಂದು ಉಡುಪಿಯಿಂದ ಅವರ ತಮ್ಮ ಕಾಗದ ಬರೆದರು.

ಆ ಮನೆಯಲ್ಲಿ ನನ್ನ ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದವರು ಅತ್ತೆ ಒಬ್ಬರೇ. ಹೋಗಬೇಡಿ ಎಂದು ಅವರಿಗೆ ಹೇಳಲು ನನಗೆ ಬರಲಿಲ್ಲ. ಆದ್ದರಿಂದ ಗಾಡಿ ಕೊಳ್ಳಲು ಹೊರಟೆ.

ಮಂಚದ ಎತ್ತರ

ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಹೇಳಿದ್ದರು: "ಜೀಪಿನಂಥ ಎತ್ತರದ ಗಾಡಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಇರಲಿ. ನಡುಕ ಕಡಿಮೆ, ದಿನಾ ಓಡಿಸಿದರೂ ಹದಿನೈದು ವರ್ಷ ಬಾಳುತ್ತದೆ." ಸಿಲಿಂಡರಿನ ವಿಷಯ ಅಲ್ಲಿಗೆ ಮುಗಿಯಿತು. ಎತ್ತರ ಎಂದರೆ ಎಷ್ಟು ಎತ್ತರ ಎಂಬ ಪ್ರಶ್ನೆ ಉಳಿಯಿತು. ಅತ್ತೆ ಯಾರ ಸಹಾಯವೂ ಇಲ್ಲದೆ ಕೂತು ಏಳುತ್ತಿದ್ದದ್ದು ಅವರ ಮಂಚದಿಂದ ಮಾತ್ರ. ಅದನ್ನು ಅಳೆದೆ. ಇಪ್ಪತ್ತೆರಡು ಇಂಚು.

ಅಳತೆಯ ಟೇಪು ಹಿಡಿದುಕೊಂಡು ಠಾಣೆಯ ಒಂದು ಶೋರೂಮಿಗೆ ಹೋದೆ. ಅಲ್ಲಿಯ ಹುಡುಗ ಬಾನೆಟ್ ಎತ್ತಿ, "ಸರ್, ಪಿಕಪ್ ನೋಡಿ, ಏನು ಪಿಕಪ್!" ಎಂದು ಹಿಂದಿಯಲ್ಲಿ ಶುರು ಮಾಡಿದ. ನಾನು ನೆಲದ ಮೇಲೆ ಕೂತು ಸೀಟಿನ ಎತ್ತರ ಅಳೆಯುತ್ತಿದ್ದೆ. ಮೂವತ್ತೊಂದು ಇಂಚು. ಎರಡು ಸಲ ಅಳೆದರೂ ಮೂವತ್ತೊಂದೇ.

"ಒಂಬತ್ತು ಇಂಚು ಹೆಚ್ಚಾಯಿತು" ಎಂದೆ.

"ಯಾವುದಕ್ಕಿಂತ ಸರ್?"

"ನಮ್ಮ ಮಂಚಕ್ಕಿಂತ."

ಅವನು ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಮ್ಯಾನೇಜರು ನನ್ನ ಪೂರ್ತಿ ಕಥೆಯನ್ನು ತಾಳ್ಮೆಯಿಂದ ಕೇಳಿದರು, ಗಡ್ಡ ಕೆರೆದುಕೊಂಡರು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಸರ್, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮೂವತ್ತೊಂದಕ್ಕೆ ಏರಿಸಿದರೆ ಎರಡೂ ಸಮ ಆಗುತ್ತವಲ್ಲ?"

ಲೆಕ್ಕದ ಪ್ರಕಾರ ಅದು ಸರಿಯಾಗಿತ್ತು. ಬಸ್‌ಸ್ಟಾಪಿನವರೆಗೂ ನಾನು ಅದನ್ನು ಗಂಭೀರವಾಗಿ ಯೋಚಿಸಿದ್ದೂ ಉಂಟು.

ಒಂದೇ ಹದ

ಹೊಸ ಗಾಡಿ ನನ್ನ ಕೈಗೆ ಎಟುಕುವಂಥದ್ದಲ್ಲ ಎಂದು ತಿಳಿದು ಹಳೆಯದನ್ನು ಹುಡುಕತೊಡಗಿದೆ. ನಾನು ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಹೋಟೆಲಿನ ಮಾಲಕರು ಕುಂದಾಪುರದ ಕಡೆಯವರು. "ಗಾಡಿ ಕಣ್ಣಿನಿಂದ ನೋಡುವ ವಸ್ತು ಅಲ್ಲ ಮಾಷ್ಟ್ರೆ" ಎಂದರು. "ಕಿವಿಯಿಂದ ನೋಡುವುದು. ಮೂವತ್ತು ವರ್ಷ ಗ್ರೈಂಡರಿನ ಪಕ್ಕ ಮಲಗಿದವ ನಾನು. ಯಂತ್ರ ಒಂದು ಸಲ ಉಸಿರು ಬಿಟ್ಟರೆ ಸಾಕು, ಅದರ ಜಾತಕ ಹೇಳ್ತೇನೆ. ಇಲ್ಲಿಗೇ ತರಿಸಿ."

ಮಾರುವವನೊಬ್ಬ ಗಾಡಿಯನ್ನು ಹೋಟೆಲಿನ ಹಿಂದಿನ ಗಲ್ಲಿಗೆ ತಂದು ನಿಲ್ಲಿಸಿದ. ಮಾಲಕರು ಗಲ್ಲಾಪೆಟ್ಟಿಗೆಯ ಮುಂದೆ ತಮ್ಮನನ್ನು ಕೂರಿಸಿ ಹೊರಗೆ ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. 

"ಆಹಾ" ಎಂದರು. "ಒಂದೇ ಹದ. ಎಲ್ಲಿಯೂ ಎಳೆಯುವುದಿಲ್ಲ. ನಾಲ್ಕೂ ಸಿಲಿಂಡರು ಒಂದೇ ತಾಯಿಯ ಮಕ್ಕಳ ಹಾಗೆ ಕೆಲಸ ಮಾಡ್ತಾ ಉಂಟು. ಮಾಷ್ಟ್ರೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ."

ಮಾರುವವನು ಗಾಡಿಯ ಈಚೆ ಬದಿಯಲ್ಲಿ ನಿಂತಿದ್ದ. ಚಾವಿ ಅವನ ಕೈಯಲ್ಲೇ ಇತ್ತು. "ಶೇಟ್, ಇನ್ನೂ ಸ್ಟಾರ್ಟ್ ಮಾಡಿಲ್ಲ" ಎಂದ.

ಗೋಡೆಯ ಆಚೆ ಹೋಟೆಲಿನ ಗ್ರೈಂಡರು ಮರುದಿನದ ಇಡ್ಲಿಗೆ ಉದ್ದು ರುಬ್ಬುತ್ತಿತ್ತು.

ಅವನು ಹತ್ತಿ ಕೂತು ಚಾವಿ ತಿರುಗಿಸಿದ. ಗಾಡಿ ಕೆಮ್ಮಿ, ಕುಣಿದು, ಕಪ್ಪು ಹೊಗೆ ಬಿಟ್ಟಿತು. ಮಾಲಕರು ಕಣ್ಣು ತೆರೆದು ಒಂದು ಹೆಜ್ಜೆ ಹಿಂದೆ ಸರಿದರು.

"ಮೊದಲಿನದೇ ಒಳ್ಳೆಯದಿತ್ತು" ಎಂದರು.

ಪರೀಕ್ಷೆಯ ಸವಾರಿ

ಎರಡನೆಯ ಗಾಡಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಬ್ಬ ಕಂತ್ರಾಟುದಾರನದು. ಭಾನುವಾರ ಬೆಳಿಗ್ಗೆ ಡ್ರೈವರನ ಜೊತೆ ಕಳಿಸುತ್ತೇನೆ, ಅರ್ಧ ಗಂಟೆ ಓಡಿಸಿ ನೋಡಿ ಎಂದಿದ್ದ. ಈ ಸಂಗತಿಯನ್ನು ನಾನು ಹೇಳಿದ್ದು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಮಾತ್ರ, ಅದೂ ಗಾಡಿ ಎಲ್ಲಿ ನಿಲ್ಲಿಸುವುದೆಂದು ಕೇಳುವುದಕ್ಕಾಗಿ.

ಭಾನುವಾರ ಒಂಬತ್ತು ಜನ ಕೆಳಗೆ ಇಳಿದು ಬಂದಿದ್ದರು. ನಮ್ಮ ಸೊಸೈಟಿಯಲ್ಲಿ ಗಾಡಿ ಕೊಳ್ಳುವುದು ಒಬ್ಬನ ಖಾಸಗಿ ವಿಷಯ ಆಗಿರಲಿಲ್ಲ. "ಪಾರ್ಕಿಂಗ್ ದೃಷ್ಟಿಯಿಂದ ನಾನು ಇರಲೇಬೇಕು" ಎಂದು ಸೆಕ್ರೆಟರಿ ಮುಂದಿನ ಸೀಟಿನಲ್ಲಿ ಕೂತರು. ಎಲ್ಲರೂ ಚಿಕ್ಕಮ್ಮ ಎಂಬರ್ಥದಲ್ಲಿ ಕಾಕೂ ಎಂದು ಕರೆಯುವ ಎರಡನೆಯ ಮಾಳಿಗೆಯ ಹೆಂಗಸು ಚೀಲದ ತುಂಬ ಚಕ್ಕುಲಿ ಹಿಡಿದುಕೊಂಡು ಹತ್ತಿದರು. ಕಳವಾ ಪೇಟೆಯಲ್ಲಿ ಅವರ ತಂಗಿಯ ಮನೆ. "ದಾರಿಯಲ್ಲೇ ಅಲ್ಲವೇ" ಎಂದರು. ದಾರಿ ಯಾವುದೆಂದು ಇನ್ನೂ ಯಾರೂ ನಿಶ್ಚಯಿಸಿರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಒಳಗೆ ಸೇರಿದರು. ಕೊನೆಗೆ ನಾನು ಬಾಗಿಲ ಹತ್ತಿರ ಹೋದಾಗ ಜಾಗ ಇರಲಿಲ್ಲ.

"ಸರ್, ನೀವು ಬಿಡಿ" ಎಂದು ಸೆಕ್ರೆಟರಿ ಸಮಾಧಾನ ಹೇಳಿದರು. "ಗಾಡಿ ನಿಮ್ಮದೇ ಆಗುತ್ತದಲ್ಲ. ನಾಳೆಯಿಂದ ದಿನಾ ಕೂರುತ್ತೀರಿ."

ಅರ್ಧ ಗಂಟೆಯ ಸವಾರಿ ಮೂರೂಕಾಲು ಗಂಟೆ ನಡೆಯಿತು. ನಾನು ಗೇಟಿನ ಹತ್ತಿರ ನಿಂತೇ ಇದ್ದೆ. ವಾಪಸು ಬಂದಾಗ ಅದರಲ್ಲಿಂದ ಹನ್ನೆರಡು ಜನ ಇಳಿದರು. ಕಾಕೂ ಅವರ ತಂಗಿ, ತಂಗಿಯ ಗಂಡ, ಅವರ ಮಗ ಹೆಚ್ಚಿನವರು.

"ಗಾಡಿ ಹೇಗಿದೆ?" ಎಂದು ಕೇಳಿದೆ.

"ಪ್ರಶ್ನೆಯೇ ಇಲ್ಲ, ಒಂದು ನಂಬರ್" ಎಂದರು ಸೆಕ್ರೆಟರಿ. "ಏರಿನಲ್ಲಿ ಹನ್ನೆರಡು ಜನರನ್ನು ಎಳೆಯಿತು. ಹುಡುಕಿದರೂ ತಪ್ಪು ಸಿಗಲಿಲ್ಲ."

ಆದರೂ ಆ ಗಾಡಿ ನನಗೆ ಸಿಗಲಿಲ್ಲ. ತಂಗಿಯ ಗಂಡ ದಾರಿಯಲ್ಲೇ ಡ್ರೈವರನ ಕೈಗೆ ಮುಂಗಡ ಕೊಟ್ಟುಬಿಟ್ಟಿದ್ದ.

ಹಿಮ್ಮಡದ ಶಾಸ್ತ್ರ

ಅಷ್ಟರಲ್ಲಿ ಗಣಪತಿ ಹಬ್ಬವೂ ಮುಗಿದಿತ್ತು. ದೀಪಾವಳಿ ಹತ್ತಿರ ಬರುತ್ತಿತ್ತು. ಅತ್ತೆ ಅಟ್ಟದ ಮೇಲಿದ್ದ ತಮ್ಮ ಟ್ರಂಕನ್ನು ಕೆಳಗೆ ಇಳಿಸಿಕೊಡಲು ಹೇಳಿದರು. ನಾನು ಇಳಿಸಿಕೊಟ್ಟೆ.

ಮರುದಿನವೇ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಕಲಬುರ್ಗಿಯವನು, ಅವನ ಮಗಳು ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಕಲ್ಯಾಣದಲ್ಲಿ ಒಂದು ಗಾಡಿ ಇದೆ, ನೋಡಿಕೊಡು ಎಂದೆ.

"ಗಾಡಿ ಏನ್ ನೋಡ್ತೀರಿ ಮಾಸ್ತರ್ರ" ಎಂದ ಅವನು. "ಗಾಡೀನ ಒರಸಿ, ಬಣ್ಣ ಬಳದು ಯಾರ್ ಬೇಕಾದ್ರೂ ಛಂದ ಮಾಡ್ತಾರ. ಮಾಲಕನ ಚಪ್ಪಲ್ ನೋಡಬೇಕ್ರಿ. ಎಡಗಾಲಿನ ಹಿಮ್ಮಡ ಸವದಿತ್ತಂದ್ರ ಅಂವಾ ದಿನಾ ಕ್ಲಚ್ ಮ್ಯಾಲೆ ಕಾಲಿಟ್ಟೇ ಓಡಸ್ಯಾನ ಅಂತ ಅರ್ಥ. ಅಂಥವನ ಗಾಡಿ ಪುಕ್ಕಟ ಕೊಟ್ರೂ ಬ್ಯಾಡ."

ಕಲ್ಯಾಣದ ಆ ಮನೆ ಎರಡನೆಯ ಮಾಳಿಗೆಯಲ್ಲಿತ್ತು. ಹೋಗಿ ನೋಡಿದರೆ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅವತ್ತು ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಇಪ್ಪತ್ತಾರು ಜೊತೆ ಎಂದು ನಾನು ಎಣಿಸಿದೆ.

"ಮಾಲಕನದು ಯಾವುದು?" ಎಂದೆ.

"ಎಲ್ಲಾ ನೋಡೂಣ್ರಿ" ಎಂದು ಮೇಸ್ತ್ರಿ ಕುಕ್ಕರುಗಾಲಿನಲ್ಲಿ ಕೂತ. ಒಂದೊಂದನ್ನೇ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಡತೊಡಗಿದ. ಒಳ್ಳೆಯವನ್ನು ನಾನು ಬಲಕ್ಕೆ ಇಡುತ್ತಿದ್ದೆ, ಸವೆದವನ್ನು ಎಡಕ್ಕೆ. ಹತ್ತೊಂಬತ್ತನೆಯ ಜೊತೆ ನನ್ನ ಕೈಯಲ್ಲಿದ್ದಾಗ ಬಾಗಿಲು ತೆರೆಯಿತು. ಮಡಿಯುಟ್ಟ ಯಜಮಾನರು, ಅವರ ಹಿಂದೆ ಪ್ರಸಾದದ ದೊನ್ನೆ ಹಿಡಿದ ಏಳೆಂಟು ಜನ.

ಮೇಸ್ತ್ರಿ ಕೂತಲ್ಲಿಂದಲೇ ತಲೆ ಎತ್ತಿ ಹಿಂದಿಯಲ್ಲಿ ಕೇಳಿದ: "ಸಾಹೇಬ್, ಇದರಲ್ಲಿ ನಿಮ್ಮದು ಯಾವುದು?"

ಯಜಮಾನರು ನನ್ನ ಕೈಯಲ್ಲಿದ್ದ ಜೊತೆಯನ್ನು ತೋರಿಸಿದರು. ಮೇಸ್ತ್ರಿ ಅದನ್ನು ಇನ್ನೊಂದು ಸಲ ನೋಡಿ, "ಎರಡೂ ಹಿಮ್ಮಡ ಸಮ. ತೊಗೊಳ್ರಿ" ಎಂದ. ಗಾಡಿಯನ್ನು ಅವನು ಇನ್ನೂ ನೋಡಿರಲಿಲ್ಲ. ನನ್ನ ಒತ್ತಾಯಕ್ಕೆ ಕೆಳಗೆ ಬಂದು ಬಾನೆಟ್ ಎತ್ತಿ ನೋಡಿದ. ನಾಲ್ಕು ಸಿಲಿಂಡರ್, ನಾಲ್ಕೂ ಸರಿಯಾಗಿದ್ದವು. ಸೀಟು ಮೂವತ್ತೊಂದು ಇಂಚು. ಒಂಬತ್ತು ಇಂಚಿನ ಒಂದು ಸ್ಟೂಲು ಮಾಡಿಸಿದರೆ ಸಾಕು ಎಂದು ಅಲ್ಲಿಯೇ ಹೊಳೆಯಿತು.

ಮೇಲೆ ಹೋಗಿ ಮಾತು ಮುಗಿಸಿ, ಪ್ರಸಾದ ತಿಂದು ಹೊರಗೆ ಬಂದಾಗ ನನ್ನ ಚಪ್ಪಲಿ ಇರಲಿಲ್ಲ.

"ಹೋಗ್ಲಿ ಬಿಡ್ರಿ ಮಾಸ್ತರ್ರ" ಎಂದ ಮೇಸ್ತ್ರಿ. "ನಿಮ್ಮವು ನಾ ಬರೂಮುಂದನ ನೋಡೀನಿ. ಎಡಗಾಲಿಂದು ಪೂರಾ ಸವದಿತ್ತು. ಅವನ್ನ ಹಾಕ್ಕೊಂಡು ನೀವು ಓಡಿಸಿದ್ರ ಕ್ಲಚ್ ಒಂದ್ ವರ್ಷ ಬಾಳತಿರಲಿಲ್ಲ."

ಗುರುಭಕ್ತಿ

ಮೂರು ವಾರ ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದು, ಮೊದಲ ಸಲ ಅತ್ತೆಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ. ಹಿಂದಿನಿಂದ ಹಾರ್ನುಗಳ ಸದ್ದು ಜೋರಾಗುತ್ತ ಬಂತು, ಆದರೆ ಯಾರೂ ಮುಂದೆ ಹೋಗಲಿಲ್ಲ. ಬದಿಗೆ ನಿಲ್ಲಿಸಿದೆ. ನನ್ನ ಹಿಂದಿದ್ದ ರಿಕ್ಷಾ ಕೂಡ ನಿಂತಿತು. ಅದರ ಹಿಂದೆ ಎರಡು ಬಸ್ಸು, ಒಂದು ಟ್ಯಾಂಕರ್.

ರಿಕ್ಷಾದವನು ನನ್ನ ಹಳೆಯ ವಿದ್ಯಾರ್ಥಿ. "ಮುಂದೆ ಹೋಗಪ್ಪ" ಎಂದು ಕನ್ನಡದಲ್ಲಿ ಹೇಳಿದೆ.

"ಸರ್ ಕೋ ಓವರ್‌ಟೇಕ್ ಕೈಸೆ ಕರೂಂ? ಗುರುವನ್ನು ಹಿಂದೆ ಹಾಕುವುದು ಹೇಗೆ?" ಎಂದು ಕೈ ಕಟ್ಟಿ ನಿಂತ.

ಏಳನೆಯ ತರಗತಿಯಲ್ಲಿ ಅವನನ್ನು ಎರಡು ಸಲ ಫೇಲು ಮಾಡಿದ್ದೆ. ಆಗ ಇಲ್ಲದ ಭಕ್ತಿ ಅದು.

ವಾಶಿಯ ಬಸ್ಸು

ಗಾಡಿ ಬಂದರೂ ಅತ್ತೆಯ ತಮ್ಮ ಹಿಡಿದ ಮಾತು ಬಿಡಲಿಲ್ಲ. ದೀಪಾವಳಿ ಕಳೆದು ನಾಲ್ಕನೆಯ ದಿನ ಎರಡು ಟಿಕೆಟು ತೆಗೆದುಕೊಂಡೇ ಬಂದರು. "ಆಯಿತು, ಬರ್ತೇನೆ" ಎಂದರು ಅತ್ತೆ. ನಾನು ಏನಾದರೂ ಹೇಳುತ್ತೇನೇನೋ ಎಂದು ನನ್ನ ಕಡೆ ನೋಡಿದರು. ನಾನು ಗಾಡಿಯ ಟೈರಿನ ಗಾಳಿ ನೋಡಲು ಹೋದೆ.

ಉಡುಪಿಯ ಬಸ್ಸು ಮಧ್ಯಾಹ್ನ ವಾಶಿಯ ಹೆದ್ದಾರಿಯ ಬದಿಯಲ್ಲಿ ನಿಲ್ಲುತ್ತದೆ. ಅವರನ್ನು ಉಳಿಸಿಕೊಳ್ಳಲೆಂದು ಕೊಂಡ ಗಾಡಿಯಲ್ಲೇ ಅವರನ್ನು ಬಿಟ್ಟುಬರಲು ಹೊರಟೆ. ವಾಶಿ ತಲುಪಿದೆವು. ಬಸ್ಸಿನ ಹಮಾಲರು ಟ್ರಂಕನ್ನು ಮೇಲಕ್ಕೆ ಏರಿಸಿ ಹಗ್ಗ ಕಟ್ಟಿದರು. ನಾನು ಸ್ಟೂಲು ಇಟ್ಟು ಬಾಗಿಲು ತೆರೆದೆ. ಅತ್ತೆ ಅಲುಗಾಡಲಿಲ್ಲ.

"ಅಕ್ಕ, ಇಳಿ. ಬಸ್ಸು ಹೊರಡ್ತದೆ" ಎಂದರು ತಮ್ಮ.

"ಇಳಿಲಿಕ್ಕೆ ಆಗುದಿಲ್ಲ ಮಾರಾಯ. ಮೊಣಕಾಲು ಹಿಡಿದುಕೊಂಡಿದೆ."

"ಸ್ಟೂಲು ಇಟ್ಟಿದ್ದಾರಲ್ಲ?"

ಅತ್ತೆ ಬಗ್ಗಿ ಸ್ಟೂಲನ್ನು ನೋಡಿದರು. "ಅದು ಹತ್ತುವ ಸ್ಟೂಲು. ಇಳಿಯುವ ಸ್ಟೂಲು ಮಾಸ್ಟ್ರು ಮಾಡಿಸಲಿಲ್ಲ."

ಕಂಡಕ್ಟರು ಸೀಟಿ ಊದಿದ. ವಿಜಾಪುರದ ಕಡೆಯ ಹಮಾಲನೊಬ್ಬ ಮುಂದೆ ಬಂದು, "ಅಮ್ಮಾರ, ಎತ್ತಿ ಇಳಸ್ಲೇನ್ರಿ? ಎರಡ ಕ್ವಿಂಟಲ್ ಎತ್ತಾಂವ ನಾ" ಎಂದ.

"ನನ್ನನ್ನು ಮುಟ್ಟಿ ನೋಡು" ಎಂದರು ಅತ್ತೆ. ಅವನು ಹಿಂದೆ ಸರಿದ.

"ಹಾಗಾದರೆ ನಾನೇನು ಮಾಡುವುದು?" ಎಂದು ತಮ್ಮ ಕೈಚೆಲ್ಲಿದರು.

"ನೀನು ಹೋಗು. ನಿನ್ನ ಮೊಣಕಾಲು ಒಳ್ಳೆದುಂಟಲ್ಲ."

ಬಸ್ಸು ಹೊರಟಿತು. ತಮ್ಮ ಕಿಟಕಿಯಿಂದ ಏನೋ ಕೂಗಿದರು, ಕೇಳಿಸಲಿಲ್ಲ. ನಾನು ಗಾಡಿ ತಿರುಗಿಸಿದೆ. ಮಾತಾಡಲು ಹೋದರೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ, ಆದ್ದರಿಂದ ಮಾತಾಡಲಿಲ್ಲ. ಮಹಾಪೆ ದಾಟಿದ ಮೇಲೆ ಟ್ರಂಕಿನ ನೆನಪಾಯಿತು.

"ಅತ್ತೆ, ನಿಮ್ಮ ಸೀರೆಗಳೆಲ್ಲ ಬಸ್ಸಿನ ಮೇಲೆ ಹೋದವು."

"ಸೀರೆ ಕಪಾಟಿನಲ್ಲೇ ಉಂಟು" ಎಂದರು. "ಟ್ರಂಕಿನಲ್ಲಿ ತುಂಬಿಸಿದ್ದು ಹಳೆ ಪೇಪರು."

ಶೀಳ್ ಫಾಟಾ ಎಂಬ ಕವಲುದಾರಿಯ ಹತ್ತಿರ ರಸ್ತೆಯಾಚೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಬಸಳೆಸೊಪ್ಪು ಇಟ್ಟುಕೊಂಡು ಕೂತಿದ್ದಳು. "ನಿಲ್ಲಿಸಿ" ಎಂದರು ಅತ್ತೆ. ನಿಲ್ಲಿಸಿದೆ. ಹಿಂದಿನ ಬಾಗಿಲಿನಿಂದ ಸ್ಟೂಲು ತೆಗೆದುಕೊಂಡು ಸುತ್ತಿ ಬರುವಷ್ಟರಲ್ಲಿ ಅವರ ಸೀಟು ಖಾಲಿಯಾಗಿತ್ತು. ಅತ್ತೆ ಆಗಲೇ ರಸ್ತೆ ದಾಟಿ, ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಮರಾಠಿ ಹೆಂಗಸಿನೊಡನೆ ತುಳುವಿನಲ್ಲಿ ಚೌಕಾಸಿ ಮಾಡುತ್ತಿದ್ದರು.

ನಾನು ಸ್ಟೂಲು ಹಿಡಿದುಕೊಂಡು ಹತ್ತಿರ ಹೋಗಿ ನಿಂತೆ. ಅವರು ತಲೆ ಎತ್ತಿ ನೋಡಿದರು.

"ಅದು ಯಾಕೆ ಮಾಸ್ಟ್ರೇ?" ಎಂದರು. "ಮೊಣಕಾಲು ನೋವು ಇದ್ದದ್ದು ವಾಶಿಯಲ್ಲಿ."